ಏಳು ಗಂಟೆಯ ಊಟ

ಎದೆಯುರಿ ಬಂದದ್ದು ಬಡಗಿಗೆ. ಅದನ್ನು ಮೈಮೇಲೆ ಎಳೆದುಕೊಂಡದ್ದು ಅವನ ಹೆಂಡತಿ.

ಅವಳು ಕಾಲುಚೀಲದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹತ್ತೊಂಬತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದವಳು. ಮಧ್ಯಾಹ್ನ ನೂರಾ ಇಪ್ಪತ್ತು ಜನ ಅವಳ ಕೈಯ ಊಟ ಉಂಡು, ಕೈ ತೊಳೆದು, ಮತ್ತೆ ಯಂತ್ರದ ಮುಂದೆ ಕೂರುತ್ತಿದ್ದರು. ಕ್ಯಾಂಟೀನಿನ ಊಟದಿಂದ ಹೊಟ್ಟೆ ಕೆಟ್ಟಿತು ಅಂತ ಒಬ್ಬನೂ ಇದುವರೆಗೆ ರಜೆ ಹಾಕಿರಲಿಲ್ಲ. ರಜೆಗಾಗಿ ಬೇರೆ ಎಷ್ಟೋ ಸುಳ್ಳು ಹೇಳಿದ್ದರು, ಆ ಸುಳ್ಳೊಂದನ್ನು ಮಾತ್ರ ಹೇಳಿರಲಿಲ್ಲ. ಬೀದಿಯವರು ಅವಳನ್ನು ಕ್ಯಾಂಟೀನಮ್ಮ ಅಂತಲೇ ಕರೆಯುತ್ತಿದ್ದರು. ಅವಳಿಗೂ ಆ ಹೆಸರಿನ ಮೇಲೆ ಒಳಗೊಳಗೇ ಹೆಮ್ಮೆ. ಅಂಥವಳ ಮನೆಯಲ್ಲಿ, ಅವಳದೇ ಅಡುಗೆ ಉಂಡು, ಅವಳದೇ ಗಂಡ ಎದೆ ನೀವಿಕೊಳ್ಳುತ್ತ ಕೂತರೆ ಅವಳಿಗೆ ಹೇಗಾಗಬೇಡ!

ಮೊದಮೊದಲು ಬಡಗಿ ಅದನ್ನು ತೋರಿಸಿಕೊಂಡಿರಲಿಲ್ಲ. ಊಟವಾದ ಮೇಲೆ ಒಂದು ಲೋಟ ನೀರು ಹೆಚ್ಚಾಗಿ ಕುಡಿಯುತ್ತಿದ್ದ, ನಾಲ್ಕು ಸಲ ತೇಗುತ್ತಿದ್ದ, ದಿಂಬನ್ನು ಎರಡಾಗಿ ಮಡಚಿ ತಲೆಗೆ ಕೊಡುತ್ತಿದ್ದ. ಒಂದು ದಿನ ಬಟ್ಟೆ ನೆನೆಹಾಕುವಾಗ ಅವನ ಅಂಗಿಯ ಜೇಬಿನಲ್ಲಿ ಮೊಂಡು ಪೆನ್ಸಿಲ್ಲಿನ ಜೊತೆ ಚೀಪುವ ಮಾತ್ರೆಯ ಸ್ಟ್ರಿಪ್ ಸಿಕ್ಕಿತು. ಹತ್ತರಲ್ಲಿ ಎಂಟು ಖಾಲಿ.

"ಏನ್ರೀ ಇದು?"

"ಏನೋ ಗ್ಯಾಸು. ಎದೆ ಉರಿಯುತ್ತೆ, ಹೋಗುತ್ತೆ. ಬಿಡು."

"ಯಾವಾಗಿಂದ?"

"ಆಗಾಗ."

"ಆಗಾಗ ಅಂದ್ರೆ ಹತ್ತರಲ್ಲಿ ಎಂಟು ಖಾಲಿ ಆಗುತ್ತಾ?"

ಮಗಳು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ವಯಸ್ಸು ಇಪ್ಪತ್ತಾರಾದರೂ ಮನೆಯಲ್ಲಿ ಇನ್ನೂ ಪುಟ್ಟಿ. ಸ್ಟ್ರಿಪ್ಪನ್ನು ತಿರುಗಿಸಿ ನೋಡಿ, "ಇದು ನಮ್ಮಂಗಡೀದಲ್ಲ. ನನ್ನ ಕಣ್ಣಿಗೆ ಬೀಳಬಾರದು ಅಂತ ಬೇರೆ ಕಡೆ ತಗೊಂಡಿದ್ದೀಯ," ಅಂದಳು. "ಅಪ್ಪ, ಎದೇಲಿ ಆಗೋದೆಲ್ಲ ಗ್ಯಾಸ್ ಅಲ್ಲ. ಹೋದ ತಿಂಗಳು ಒಬ್ಬರು ಗ್ಯಾಸ್ ಅಂತ ಇದೇ ಮಾತ್ರೆ ಕೇಳ್ಕೊಂಡು ಬಂದ್ರು. ಮಾರನೇ ದಿನ ಆಸ್ಪತ್ರೇಲಿದ್ರು. ಹಾರ್ಟು."

ಆ ಮಾತಿಗೆ ಅಮ್ಮನ ಕೈಯಲ್ಲಿದ್ದ ಸಾಬೂನು ಬಕೆಟ್ಟಿಗೆ ಬಿತ್ತು. ಆ ಸಂಜೆಯೇ ಮೂವರೂ ಕ್ಲಿನಿಕ್ಕಿನಲ್ಲಿದ್ದರು.

ಹೃದಯ ಚೆನ್ನಾಗಿಯೇ ಇತ್ತು. ಇಸಿಜಿ ನೋಡಿ ಡಾಕ್ಟರಮ್ಮ ತಲೆಯಾಡಿಸಿದಾಗ ಕ್ಯಾಂಟೀನಮ್ಮನಿಗೆ ಹೋದ ಉಸಿರು ಬಂದಂತಾಯಿತು. ಆದರೆ ಆ ನೆಮ್ಮದಿ ಎರಡು ನಿಮಿಷ ಮಾತ್ರ. ಹೃದಯವಲ್ಲ ಅಂದಮೇಲೆ ಹೊಟ್ಟೆ. ಹೊಟ್ಟೆ ಅಂದಮೇಲೆ ಅಡುಗೆ. ಅಡುಗೆ ಅಂದಮೇಲೆ ತಾನು. ಅವಳು ಕುರ್ಚಿಯ ತುದಿಗೆ ಸರಿದು ಕೂತಳು.

"ಅನ್ನನಾಳ ಹೊಟ್ಟೆ ಸೇರೋ ಕಡೆ ಒಂದು ಬಾಗಿಲಿದೆ ಅಂದ್ಕೊಳ್ಳಿ," ಅಂದರು ಡಾಕ್ಟರಮ್ಮ. "ಊಟ ಕೆಳಗಿಳಿದ ಮೇಲೆ ಅದು ಮುಚ್ಕೋಬೇಕು. ಹೊಟ್ಟೆ ತುಂಬಾ ಬಿರಿಯೋ ಹಾಗೆ ಉಂಡು ಮಲಗಿದ್ರೆ ಅದು ಸರಿಯಾಗಿ ಮುಚ್ಕೊಳ್ಳಲ್ಲ. ಹೊಟ್ಟೆಯ ಆಮ್ಲ ಮೇಲಕ್ಕೆ ಬರುತ್ತೆ. ಅದೇ ಉರಿ."

ಬಾಗಿಲು ಅಂದ ಕೂಡಲೇ ಬಡಗಿಗೆ ಉತ್ಸಾಹ ಬಂತು. "ಕೀಲು ಸಡಿಲ ಆಗಿದ್ರೆ ಬದಲಾಯಿಸಬಹುದಲ್ವಾ ಡಾಕ್ಟ್ರೇ?"

"ಈ ಬಾಗಿಲಿಗೆ ಸದ್ಯಕ್ಕೆ ಕೀಲು ಬದಲಾಯಿಸೋದು ಬೇಡ. ಒಳಗಿಂದ ತಳ್ಳೋದನ್ನ ಕಡಿಮೆ ಮಾಡಿ, ಸಾಕು. ರಾತ್ರಿ ಊಟ ಎಷ್ಟು ಹೊತ್ತಿಗೆ?"

"ಒಂಬತ್ತೂವರೆ."

"ಮಲಗೋದು?"

"ಹತ್ತಕ್ಕೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ ಇರಬೇಕು. ಏಳಕ್ಕೆ ಉಣ್ಣಿ. ಒಂದು ತುತ್ತು ಕಡಿಮೇನೇ ಉಣ್ಣಿ. ಸಂಜೆ ಮೇಲೆ ಟೀ ಕಾಫಿ ಬೇಡ. ಮಂಚದ ತಲೆ ಕಡೆ ಕಾಲುಗಳನ್ನ ಅರ್ಧ ಅಡಿ ಎತ್ತರಿಸಿ. ಈ ಮಾತ್ರೆ ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ, ನಾಲ್ಕು ವಾರ. ನುಂಗೋಕೆ ಕಷ್ಟ ಆದ್ರೆ, ತೂಕ ಇಳಿದ್ರೆ, ಕಪ್ಪಗೆ ಭೇದಿ ಆದ್ರೆ ಕಾಯಬೇಡಿ, ತಕ್ಷಣ ಬನ್ನಿ. ಮತ್ತೆ, ದಿನಾ ಏನೇನು ತಿಂತೀರ, ಎಷ್ಟು ಹೊತ್ತಿಗೆ, ಯಾವಾಗ ಉರಿ ಬಂತು, ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ."

"ಖಾರ?" ಅಂದಳು ಕ್ಯಾಂಟೀನಮ್ಮ. ಇಷ್ಟು ಹೊತ್ತು ಅವಳು ಕಾದಿದ್ದು ಆ ಒಂದು ಮಾತಿಗೆ.

"ಕೆಲವರಿಗೆ ಖಾರದಿಂದ ಹೆಚ್ಚಾಗುತ್ತೆ, ಕೆಲವರಿಗೆ ಇಲ್ಲ. ಇವರಿಗೆ ಮುಖ್ಯ ಹೊತ್ತು."

ಡಾಕ್ಟರಮ್ಮ ಹೇಳಿದ್ದು ಇಷ್ಟು. ಆದರೆ ನಾವು ಕೇಳಿಸಿಕೊಳ್ಳುವುದು ನಮಗೆ ಬೇಕಾದದ್ದನ್ನು. ಕ್ಯಾಂಟೀನಮ್ಮ ಮನೆಗೆ ಬಂದವಳೇ ಮೆಣಸಿನಪುಡಿಯ ಡಬ್ಬವನ್ನು ಅಟ್ಟದ ಮೇಲೆ ಇಟ್ಟಳು.

ಮೊದಲ ವಾರ ಖಾರ ಹೋಯಿತು. ಎರಡನೇ ವಾರ ಟೊಮೇಟೊ, ಹುಳಿ, ಎಣ್ಣೆ ಒಂದರ ಹಿಂದೆ ಒಂದು ಹೋದವು. ಕೊನೆಗೆ ಈರುಳ್ಳಿ ಬೆಳ್ಳುಳ್ಳಿಯ ಬುಟ್ಟಿಯೂ ಖಾಲಿಯಾಯಿತು. ರಾತ್ರಿ ಒಂಬತ್ತೂವರೆಗೆ ತಟ್ಟೆಗೆ ಬರುತ್ತಿದ್ದದ್ದು ಬೇಯಿಸಿದ ಸೋರೆಕಾಯಿ, ನೀರಾದ ಬೇಳೆ, ರೊಟ್ಟಿ, ಮೆತ್ತನೆಯ ಅನ್ನ. ಪುಟ್ಟಿ ಮೊದಲ ತುತ್ತಿಗೇ ಮುಖ ಕಿವಿಚಿದಳು.

"ಅಮ್ಮ, ಕಾಯಿಲೆ ಅಪ್ಪನಿಗೆ. ನನ್ನ ನಾಲಿಗೆ ಏನು ತಪ್ಪು ಮಾಡಿತ್ತು?"

"ಎಲ್ಲರೂ ಒಂದೇ ಊಟ ಉಂಡ್ರೆ ಅವರಿಗೂ ಸಮಾಧಾನ."

"ನನಗೇನು ಸಮಾಧಾನಕ್ಕೆ ಕಡಿಮೆ ಇಲ್ಲ," ಅಂದ ಬಡಗಿ, ಸೋರೆಕಾಯಿಯನ್ನು ತಟ್ಟೆಯ ಅಂಚಿಗೆ ತಳ್ಳುತ್ತ. "ಚೂರು ಉಪ್ಪಿನಕಾಯಿ ಇದ್ರೆ..."

"ಉಪ್ಪಿನಕಾಯಿ ಅಂತ ಇನ್ನೊಂದು ಸಲ ಬಾಯಿಬಿಟ್ರೆ ನೋಡಿ!"

ಮಂಚದ ಕೆಲಸ ಬಡಗಿಯ ಪಾಲಿಗೆ ಬಂದಿತ್ತು. ಮೂವತ್ತೈದು ವರ್ಷ ರಸಮಟ್ಟ ಇಟ್ಟು ನೋಡಿ, ಕೂದಲೆಳೆಯಷ್ಟೂ ವಾರೆಯಾಗದಂತೆ ಊರವರಿಗೆಲ್ಲ ಮಂಚ ಮಾಡಿಕೊಟ್ಟವನು ಈಗ ತನ್ನದನ್ನು ಬೇಕೆಂತಲೇ ವಾರೆ ಮಾಡಬೇಕಾಯಿತು. ಆರಿಂಚು ಎತ್ತರದ ಎರಡು ಮರದ ತುಂಡುಗಳಿಗೆ ಕಾಲು ಕೂರುವಷ್ಟು ಗುಳಿ ತೆಗೆದು, ಉಜ್ಜಿ, ಪಾಲಿಶ್ ಕೂಡ ಹಾಕಿದ. ಇಟ್ಟ ಮೇಲೆ ದೂರ ನಿಂತು ನೋಡಿ, "ಯಾರಾದ್ರೂ ಬಂದು ನೋಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು," ಅಂದ. ಬೆಳಗಾಗುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಮಂಚದ ಕೆಳತುದಿಗೆ ಜಾರಿ, ಕಾಲು ಹೊರಗೆ ಚಾಚಿಕೊಂಡು ಮಲಗಿರುತ್ತಿದ್ದರು. ಕಾಲ್ದೆಸೆಗೆ ಒಂದು ಅಡ್ಡಪಟ್ಟಿ ಹೊಡೆದ ಮೇಲೆ ಅದೂ ಸರಿಹೋಯಿತು.

ಪುಸ್ತಕವನ್ನೂ ಅವನು ನಿಷ್ಠೆಯಿಂದ ಬರೆದ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಮರದ ಅಳತೆ ಬರೆಯುವ ಹಾಗೆಯೇ ಬರೆದ. 'ರೊಟ್ಟಿ ಮೂರು. ಅಗಲ ಏಳಿಂಚು, ದಪ್ಪ ಕಾಲಿಂಚು. ಅನ್ನ ಒಂದು ಸೌಟು, ತುಂಬಿ. ಉರಿ: ಹತ್ತೂ ಇಪ್ಪತ್ತಕ್ಕೆ ಶುರು.' ಪುಟ್ಟಿ ಅದನ್ನು ಓದಿ ಬಿದ್ದು ಬಿದ್ದು ನಕ್ಕಳು. ಆದರೆ ಉರಿ ಮಾತ್ರ ಒಂದು ದಿನವೂ ತಪ್ಪಿರಲಿಲ್ಲ.

ಕ್ಯಾಂಟೀನಮ್ಮನ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಅವಳೂ ಮಗಳೂ ಸೋರೆಕಾಯಿ ತಿಂದು ತಿಂದು ಇಳಿದುಹೋಗಿದ್ದರು. ಬಡಗಿಯ ಹೊಟ್ಟೆ ಮಾತ್ರ ಬೆಲ್ಟಿನ ಮೇಲೆ ಹೊರಬಂದಿತ್ತು. ನೀರು ಬೇಳೆ ಉಂಡು ಮನುಷ್ಯ ದಪ್ಪಗಾಗುವುದುಂಟೇ? ಇದೂ ಕಾಯಿಲೆಯ ಲಕ್ಷಣವೇ ಇರಬೇಕು ಅಂದುಕೊಂಡು ಅವಳು ಇನ್ನಷ್ಟು ಹೆದರಿದಳು. ಕ್ಯಾಂಟೀನಿನಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿಯುವಾಗಲೂ ಅವಳ ತಲೆಯಲ್ಲಿ ಅದೇ. ನೂರಾ ಇಪ್ಪತ್ತು ಜನಕ್ಕೆ ಆಗುವ ಕೈ ಒಬ್ಬನಿಗೆ ಯಾಕೆ ಆಗುತ್ತಿಲ್ಲ?

ಮೂರನೇ ವಾರ ಪುಟ್ಟಿ ತಾಳ್ಮೆ ಕಳೆದುಕೊಂಡಳು.

"ಡಾಕ್ಟ್ರು ಹೇಳಿದ್ದು ಹೊತ್ತು. ನೀವಿಬ್ಬರೂ ಹೊತ್ತೊಂದು ಬಿಟ್ಟು ಮನೇಲಿರೋದನ್ನೆಲ್ಲ ಬದಲಾಯಿಸಿದ್ರಿ. ಮಂಚಾನೂ ಬಿಡ್ಲಿಲ್ಲ!"

"ಕೆಲಸ ಮುಗಿಯೋದು ಎಂಟಕ್ಕೆ ಕಣೆ," ಅಂದ ಬಡಗಿ, ತಟ್ಟೆ ನೋಡುತ್ತ. "ಶಾಲೆಯವರ ಬೆಂಚು ಬಂದು ಬಿದ್ದಿವೆ."

"ನೀನು ಬರೋದು ಒಂಬತ್ತೂಕಾಲಿಗೆ," ಅಂದಳು ತಾಯಿ. "ಎಲ್ಲರೂ ಬಂದ ಮೇಲೆ ಒಟ್ಟಿಗೆ ಕೂರೋದು ಈ ಮನೆ ಪದ್ಧತಿ."

"ಪದ್ಧತಿಗಿಂತ ಅಪ್ಪನ ಗಂಟಲು ಮುಖ್ಯ ಅಲ್ವಾ? ನಾನು ಬಂದು ಒಬ್ಬಳೇ ಉಣ್ತೀನಿ. ಉಣ್ಣೋಕೆ ಅಂಥ ಪಂಚಭಕ್ಷ್ಯ ಏನಿದೆ ಇಲ್ಲಿ?" ಆಮೇಲೆ ಅಮ್ಮನ ಕಡೆ ತಿರುಗಿ, "ನಿನಗೆ ಏಳು ಗಂಟೆ ಅಂದ್ರೆ ಯಾಕೆ ಆಗಲ್ಲ ಅಂತ ನಂಗೊತ್ತು," ಅಂದಳು.

ಕ್ಯಾಂಟೀನಮ್ಮ ಸೌಟನ್ನು ಪಾತ್ರೆಯೊಳಗೆ ಕುಕ್ಕಿ ಎದ್ದುಹೋದಳು.

ಯಾಕೆಂದರೆ ಏಳು ಗಂಟೆ ಅನ್ನುವುದು ಆ ಮನೆಯಲ್ಲಿ ಬರಿಯ ಹೊತ್ತಾಗಿರಲಿಲ್ಲ. ಎರಡು ವರ್ಷದ ಹಿಂದೆ ಮಗ, ಸೊಸೆ, ಆರು ತಿಂಗಳ ಮೊಮ್ಮಗಳು ಇದೇ ಮನೆಯಲ್ಲಿದ್ದರು. ಮಗ ಲಿಫ್ಟ್ ರಿಪೇರಿಯವನು. ಸೊಸೆ ಬೇಕರಿಯಲ್ಲಿ ಬೆಳಗಿನ ಪಾಳಿ. ಬೆಳಗಿನ ಜಾವ ನಾಲ್ಕೂವರೆಗೆ ಹಿಟ್ಟಿನ ಮುಂದೆ ನಿಲ್ಲಬೇಕು, ಅಂದರೆ ಎಂಟಕ್ಕೆಲ್ಲ ಮಲಗಬೇಕು. ಹೆರಿಗೆಯ ರಜೆ ಮುಗಿದು ಮತ್ತೆ ಕೆಲಸಕ್ಕೆ ಹೊರಟ ವಾರ ಅವಳು ತಲೆ ತಗ್ಗಿಸಿಕೊಂಡೇ ಕೇಳಿದ್ದಳು: "ಅತ್ತೆ, ನಾನು ಏಳು ಗಂಟೆಗೆ ಉಂಡು ಮಲಗಲಾ? ಒಂಬತ್ತೂವರೆಗೆ ಉಂಡು ಮಲಗಿದ್ರೆ ಬೆಳಿಗ್ಗೆ ಏಳೋಕಾಗಲ್ಲ." ಕ್ಯಾಂಟೀನಮ್ಮ ಅವತ್ತು ಮೇಲ್ವಿಚಾರಕನ ಜೊತೆ ಜಗಳವಾಡಿ ಬಂದಿದ್ದಳು. "ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಣ್ಣೋಕೆ ಇದು ನನ್ನ ಕ್ಯಾಂಟೀನಲ್ಲ," ಅಂದಳು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. "ಅಷ್ಟು ಹಸಿವು ತಡೀಲಾರದವಳು ಬೇರೆ ಒಲೆ ಹೂಡ್ಕೋ," ಅಂತಲೂ ಸೇರಿಸಿದಳು. ಸೊಸೆ ಹದಿನೈದು ದಿನಕ್ಕೆ ಬೇರೆ ಒಲೆ ಹೂಡಿದಳು, ಎರಡು ಬಸ್ ಸ್ಟಾಪಿನಾಚೆ.

ಅಂದಿನಿಂದ ಮಗ ಭಾನುವಾರ ಮಗುವನ್ನು ಎತ್ತಿಕೊಂಡು ಬರುತ್ತಾನೆ, ಸೊಸೆ ಬರುವುದಿಲ್ಲ. ಅತ್ತೆ ಆ ಮನೆಯ ಹೊಸ್ತಿಲು ತುಳಿದಿಲ್ಲ. ಈಗ ಏಳಕ್ಕೆ ಊಟ ಬಡಿಸುವುದೆಂದರೆ, ಅವತ್ತು ಸೊಸೆ ಕೇಳಿದ್ದು ಸರಿ, ತಾನು ಅಂದದ್ದು ತಪ್ಪು ಅಂತ ದಿನಾ ಸಂಜೆ ತಟ್ಟೆಯಿಟ್ಟು ಒಪ್ಪಿಕೊಂಡಂತೆ. ಅದಕ್ಕಿಂತ ಸೋರೆಕಾಯಿ ಸುಲಭವಾಗಿತ್ತು.

ಆದರೂ ಗಂಡನ ಎದೆಯ ಮುಂದೆ ಅವಳ ಬಿಂಕ ಎಷ್ಟು ದಿನ ನಿಂತೀತು? ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು, ಮೂರನೇ ದಿನ, "ನಾಳೆಯಿಂದ ಏಳೂವರೆಗೆ ಊಟ. ಶಾಲೆಯವರ ಬೆಂಚಿಗೆ ಬೆಂಕಿ ಬಿದ್ರೂ ಸರಿ, ಮನೇಲಿರಬೇಕು," ಅಂತ ಆಜ್ಞೆ ಹೊರಡಿಸಿದಳು. ಡಾಕ್ಟರಮ್ಮನ ಏಳಕ್ಕೆ ಅರ್ಧ ಗಂಟೆ ಸೇರಿಸಿದ್ದು ಅವಳ ಸ್ವಂತ ಮರ್ಯಾದೆಗೆ.

ಬಡಗಿ ಬಂದ. ದಿನಾ ಸರಿಯಾಗಿ ಏಳೂವರೆಗೆ, ಏದುಸಿರು ಬಿಡುತ್ತ, ಬೆವರೊರೆಸಿಕೊಳ್ಳುತ್ತ ಬಂದ. ಬಡಿಸಿದ್ದನ್ನು ಪೂರ್ತಿ ಉಂಡ. ಅಲ್ಲಿಗೆ ಉರಿ ಇಳಿಯಬೇಕಿತ್ತು. ಬದಲಿಗೆ ಇನ್ನೂ ಏರಿತು! ಈಗ ಮಲಗುವವರೆಗೂ ಕಾಯುತ್ತಿರಲಿಲ್ಲ, ತಟ್ಟೆಯ ಮುಂದೆಯೇ ಶುರುವಾಗುತ್ತಿತ್ತು. ಪುಸ್ತಕದಲ್ಲಿ ಬರೆದ: 'ಉರಿ: ಏಳೂ ನಲವತ್ತು.' ಪುಟ್ಟಿ ಮಾತ್ರೆಯ ಹೆಸರು, ದಿನಾಂಕ ಎಲ್ಲ ನೋಡಿ, "ಎಲ್ಲ ಸರಿಯಾಗೇ ಇದೆ. ಇನ್ನು ಎಂಡೋಸ್ಕೋಪಿ ಮಾಡಿಸಬೇಕೇನೋ," ಅಂದಳು. ಗಂಟಲಿನಿಂದ ಕೊಳವೆ ಇಳಿಸುತ್ತಾರೆ ಅಂತ ವಿವರಿಸಿದಾಗ ಬಡಗಿ ಗೋಡೆಯ ಕಡೆ ತಿರುಗಿದ. ಕ್ಯಾಂಟೀನಮ್ಮ ಅಡುಗೆಮನೆಗೆ ಹೋಗಿ, ಯಾರಿಗೂ ಕೇಳಿಸದ ಹಾಗೆ ಅತ್ತಳು. ಒಳಗೇನೋ ದೊಡ್ಡದೇ ಇದೆ ಅಂತ ಅವಳು ನಂಬಿಬಿಟ್ಟಿದ್ದಳು.

ಇದಾದ ಎರಡನೇ ದಿನ ಮಧ್ಯಾಹ್ನ, ಕ್ಯಾಂಟೀನಿನ ಊಟ ಮುಗಿದು ದೊಡ್ಡ ಹಂಡೆಗಳನ್ನು ಹಿಂಬಾಗಿಲ ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಾಗ, ಯಾರೋ ಬಂದು ನಿಂತಂತಾಯಿತು. ತಿರುಗಿದರೆ ಸೊಸೆ. ಬೇಕರಿಯಿಂದ ನೇರವಾಗಿ ಬಂದಿದ್ದಳು. ಮುಂಗೈ ಮೇಲೆ ಹಿಟ್ಟು ಒಣಗಿತ್ತು. ಎರಡು ವರ್ಷದಲ್ಲಿ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು.

"ಮಗುಗೇನಾಯ್ತು?" ಕ್ಯಾಂಟೀನಮ್ಮನ ಬಾಯಿಂದ ಬಂದ ಮೊದಲ ಮಾತು.

"ಮಗು ಚೆನ್ನಾಗಿದೆ ಅತ್ತೆ. ಮನೆಗೆ ಬಂದ್ರೆ ನೀವು ಏನಂತೀರೋ ಅಂತ ಇಲ್ಲಿಗೇ ಬಂದೆ. ಮಾವನ ವಿಷಯ."

"ಅವರದ್ದೇನು?"

"ನೀವೇ ಹೇಳ್ಬೇಕು. ನಮ್ಮನೇಲಿ ಉಂಡ ಮೇಲೆ ಎದೆ ಹಿಡ್ಕೊಂಡು ಕೂರ್ತಾರೆ. ಕೇಳಿದ್ರೆ ಏನಿಲ್ಲ ಏನಿಲ್ಲ ಅಂತಾರೆ. ನನ್ನ ಅಡುಗೆ ಆಗ್ತಿಲ್ಲವೇನೋ ಅಂತ ಖಾರ ಬಿಟ್ಟೆ, ಹುಳಿ ಬಿಟ್ಟೆ, ಎಣ್ಣೆ ಬಿಟ್ಟೆ. ಮೂರು ವಾರದಿಂದ ನಾನೂ ಮಗೂನೂ ಬರೀ ಬೇಯಿಸಿದ ಆಲೂಗಡ್ಡೆ ತಿಂತಿದ್ದೀವಿ. ಆದ್ರೂ ಕಡಿಮೆ ಆಗಿಲ್ಲ. ಈಗ ಒಂದು ವಾರದಿಂದ ಆರೂವರೆಗೇ ಬಂದು, ಗಬಗಬ ಉಂಡು, ಓಡ್ತಾರೆ. ನಂಗೆ ಭಯ ಆಗ್ತಿದೆ ಅತ್ತೆ."

ಕ್ಯಾಂಟೀನಮ್ಮ ಕೈಯಲ್ಲಿದ್ದ ಹಂಡೆಯನ್ನು ಮೆಲ್ಲಗೆ ಕೆಳಗಿಟ್ಟಳು. ನಮ್ಮನೇಲಿ ಉಂಡ ಮೇಲೆ. ಈ ಮೂರು ಪದ ಅವಳ ತಲೆಯೊಳಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋದ ಮೇಲೆ ಉಳಿದದ್ದೆಲ್ಲ ತಾನಾಗಿ ಸಾಲು ಹಿಡಿದು ನಿಂತಿತು: ಮುಗಿಯದ ಶಾಲೆಯ ಬೆಂಚುಗಳು, ಬೆಲ್ಟಿನ ಮೇಲಿನ ಹೊಟ್ಟೆ, ಏಳೂವರೆಯ ಏದುಸಿರು. ಮಲಗುವ ಮೊದಲು ಒಂದಲ್ಲ, ಎರಡು ಊಟ. ಒಂದು ವಾರದಿಂದ ಅವೆರಡೂ ಒಂದೇ ಗಂಟೆಯೊಳಗೆ!

"ಎಷ್ಟು ದಿನದಿಂದ ಉಣ್ತಿದ್ದಾರೆ?" ಅಂತ ಕೇಳಲು ಅವಳು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಸೊಸೆಯೇ ಮುಂದುವರಿಸಿದಳು.

"ನಾಲ್ಕು ತಿಂಗಳ ಹಿಂದೆ ಇವರಿಗೆ ಸಂಜೆ ಡ್ಯೂಟಿ ಬಿತ್ತಲ್ಲ, ಆಗ ಮಾವ ಬಂದ್ರು. 'ನಿಮ್ಮತ್ತೇನೇ ಕಳಿಸಿದ್ಲು. ಸೊಸೆ ಮಗು ಎರಡೇ ಕೂತು ಉಣ್ಣಬಾರದು, ಹೋಗಿ ಜೊತೆಗೆ ಕೂರಿ ಅಂದ್ಲು. ಅವಳ ಮುಂದೆ ಮಾತ್ರ ನೀವಿಬ್ಬರೂ ಈ ಮಾತು ಎತ್ತಬೇಡಿ, ಬಿಂಕ ಅವಳಿಗೆ' ಅಂದ್ರು. ಅವತ್ತು ನಂಗೆ..." ಅವಳು ಮುಂಗೈಯ ಒಣಗಿದ ಹಿಟ್ಟನ್ನು ಕೆರೆದಳು. "ಅವತ್ತು ನಂಗೆ ತುಂಬಾ ಸಂತೋಷ ಆಯ್ತು ಅತ್ತೆ. ಬಂದು ಹೇಳ್ಬೇಕು ಅಂದ್ಕೊಂಡೆ. ಧೈರ್ಯ ಬರ್ಲಿಲ್ಲ."

ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಕ್ಯಾಂಟೀನಮ್ಮನಿಗೆ ಗಂಡನನ್ನು ಹಿಡಿದು ಹಂಡೆಯೊಳಗೆ ಮುಳುಗಿಸಬೇಕು ಅನ್ನಿಸಿತ್ತು. ನಾಲ್ಕು ತಿಂಗಳು! ತನ್ನ ಕೈಯನ್ನು ತಾನೇ ಶಪಿಸಿಕೊಂಡು, ಮೆಣಸಿನಪುಡಿ ಅಟ್ಟಕ್ಕೇರಿಸಿ, ಕದ್ದು ಅತ್ತು... ಅಷ್ಟೂ ಬಾಯಿಯ ತನಕ ಬಂದಿತ್ತು. ನಾನು ಕಳಿಸಿಲ್ಲ ಅಂದರೆ ಮುಗಿಯಿತು. ಆದರೆ ಎದುರಿಗಿದ್ದವಳ ಮುಖ ನೋಡಿದಳು. ಆ ಒಂದು ಸುಳ್ಳನ್ನು ನಂಬಿಕೊಂಡು ಈ ಹುಡುಗಿ ನಾಲ್ಕು ತಿಂಗಳಿಂದ ಮೂರನೇ ತಟ್ಟೆ ಇಡುತ್ತಿದ್ದಾಳೆ. ಈಗ ಅಲ್ಲ ಅಂದರೆ ಆ ತಟ್ಟೆಯನ್ನು ಅವಳ ಕೈಯಿಂದ ಕಿತ್ತುಕೊಂಡಂತೆ. ಒಂದು ಸಲ ಕಿತ್ತುಕೊಂಡದ್ದು ಸಾಲದೇ?

"ಹೌದು," ಅಂದಳು. "ನಾನೇ ಕಳಿಸಿದ್ದು."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

"ನಿನ್ನ ಅಡುಗೆಯಿಂದ ಏನೂ ಆಗಿಲ್ಲ. ನನ್ನ ಅಡುಗೆಯಿಂದಲೂ ಆಗಿಲ್ಲ. ಆ ಮನುಷ್ಯ ಎರಡೂ ಕಡೆ ತಟ್ಟೆ ಖಾಲಿ ಮಾಡ್ತಾರೆ, ಅದಕ್ಕೆ ಆಗಿರೋದು. ಹೋಗು, ಮಲಕ್ಕೋ ಸ್ವಲ್ಪ. ಮುಖ ನೋಡು ಹೇಗಾಗಿದೆ."

ಸಂಜೆ ಆರೂಕಾಲಿಗೆ ಬಡಗಿ ಅಂಗಡಿಯ ಶಟರ್ ಎಳೆಯುತ್ತಿದ್ದ. ಅರ್ಧಕ್ಕೆ ಬಂದ ಶಟರಿನ ಆಚೆ ಪರಿಚಯದ ಚಪ್ಪಲಿ ಕಂಡಿತು. ಅವನು ಬಗ್ಗಿದಲ್ಲೇ ನಿಂತ.

"ಶಾಲೆಯವರ ಬೆಂಚು ಎಲ್ಲಿ, ತೋರಿಸಿ ನೋಡೋಣ."

ಅಂಗಡಿಯೊಳಗೆ ಬೆಂಚೂ ಇರಲಿಲ್ಲ, ಬೆಂಚಿನ ಕಾಲೂ ಇರಲಿಲ್ಲ. ಗುಡಿಸಿ ಒಂದು ಕಡೆ ಮಾಡಿದ್ದ ಹೊಟ್ಟು, ಅರ್ಧ ಮುಗಿದ ಒಂದು ಕಿಟಕಿ ಚೌಕಟ್ಟು, ಅಷ್ಟೇ. ಬಡಗಿ ಶಟರ್ ಕೆಳಗೆಳೆದು ಬೀಗ ಹಾಕಿ, ಬೀಗವನ್ನು ಅಗತ್ಯಕ್ಕಿಂತ ಮೂರು ಸಲ ಹೆಚ್ಚು ಎಳೆದು ನೋಡಿದ.

"ಯಾರು ಹೇಳಿದ್ರು?"

"ನಿಮ್ಮ ಸೊಸೆ. ನನ್ನ ಹೆಸರು ಹೇಳಿ ಹೋಗಿದ್ದೀರಂತೆ. ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತೆ ನಿಮಗೆ ಸುಳ್ಳು!"

"ಸುಳ್ಳೇನು? ನೀನು ಯಾವತ್ತೋ ಹೇಳ್ಬೇಕಾಗಿದ್ದ ಮಾತು. ನೀನು ಹೇಳ್ಲಿಲ್ಲ, ನಾನು ಹೇಳ್ದೆ."

ಕ್ಯಾಂಟೀನಮ್ಮ ದನಿ ಏರಿಸಿದಳು. "ಮತ್ತೆ ಮನೆಗೆ ಬಂದು ಯಾಕೆ ಉಣ್ತಿದ್ರಿ? ಹಸಿವಿಲ್ಲ ಅಂದಿದ್ರೆ ಆಗ್ತಿರಲಿಲ್ವಾ?"

"ಹಸಿವಿಲ್ಲ ಅಂದ್ರೆ ನೀನು ಬಿಡ್ತಿದ್ಯಾ? ಎಲ್ಲಿ ತಿಂದ್ರಿ, ಯಾಕೆ ತಿಂದ್ರಿ ಅಂತ ಪೊಲೀಸಿನವರ ಹಾಗೆ ಶುರು ಮಾಡ್ತಿದ್ದೆ. ಅಲ್ಲಿ ಬೇಡ ಅಂದ್ರೆ ಸೊಸೆ ಮುಖ ಬಾಡುತ್ತೆ. ಮಗು 'ತಾತ ಉಂಡ್ರೆ ನಾನು ಉಣ್ತೀನಿ' ಅಂತ ಬಾಯಿ ಮುಚ್ಕೊಂಡು ಕೂರುತ್ತೆ. ಯಾರಿಗೆ ಬೇಡ ಅನ್ಲಿ ಹೇಳು? ಇಬ್ಬರಿಗೂ ಆಗ್ಲಿ ಅಂತ ಉಂಡೆ."

"ಇಬ್ಬರಿಗೂ ಆಗ್ಲಿ ಅಂತ ಉಂಡು ಗಂಟಲಿಗೆ ಕೊಳವೆ ಇಳಿಸೋ ತನಕ ತಂದ್ರಿ! ನಾನು ಏನೇನು ಅಂದ್ಕೊಂಡೆ ಗೊತ್ತಾ? ನೀವು ಹೋಗೇಬಿಡ್ತೀರಿ ಅಂದ್ಕೊಂಡೆ."

ಪಕ್ಕದ ಸೈಕಲ್ ಅಂಗಡಿಯವನು ಪಂಪು ಹೊಡೆಯುವುದು ನಿಲ್ಲಿಸಿ ನೋಡಿದ. ಬಡಗಿ ಹೆಂಡತಿಯ ಕೈಯಲ್ಲಿದ್ದ ಚೀಲವನ್ನು ತಾನು ತೆಗೆದುಕೊಂಡ.

"ಪುಸ್ತಕದಲ್ಲಿ ಬರೀಬೇಕು ಅಂತ ದಿನಾ ಅಂದ್ಕೊಳ್ತಿದ್ದೆ," ಅಂದ ಮೆತ್ತಗೆ. "ಪೆನ್ಸಿಲ್ ಎತ್ತಿದ ತಕ್ಷಣ ನಿನ್ನ ಮುಖ ಕಾಣ್ತಿತ್ತು. ತಪ್ಪಾಯ್ತು ಕಣೆ. ಇವತ್ತಿಂದ ಅಲ್ಲಿ ಉಣ್ಣಲ್ಲ. ನೇರ ಮನೆಗೇ ಬರ್ತೀನಿ."

ಅವಳಿಗೆ ಬೇಕಾಗಿದ್ದ ಮಾತು ಅದೇ. ಗಂಡ ಏಳೂವರೆಗೆ ಮನೆಗೆ ಬಂದು, ಅವಳ ಕೈಯ ಒಂದೇ ಊಟ ಉಂಡು, ನೆಟ್ಟಗೆ ಗುಣವಾಗುತ್ತಾನೆ. ಅಲ್ಲಿ ಸೊಸೆ ಆ ತಟ್ಟೆಯನ್ನು ತೊಳೆದು ಮೇಲಿಡುತ್ತಾಳೆ. ಮಗು, ತಾತ ಎಲ್ಲಿ ಅಂತ ಕೇಳುತ್ತದೆ. ಬಸ್ ಸ್ಟಾಪು ಬಂತು. ಬಲಕ್ಕೆ ಹೋಗುವ ಬಸ್ಸು ಮನೆಗೆ, ಎಡಕ್ಕೆ ಹೋಗುವುದು ಆ ಕಡೆಗೆ. ಬಲದ ಬಸ್ಸು ಮೊದಲು ಬಂದು ನಿಂತಿತು. ಬಡಗಿ ಹತ್ತಲು ಕಾಲೆತ್ತಿದ.

"ಎಲ್ಲಿಗೆ ಹೋಗ್ತೀರಿ?" ಅಂದಳು ಕ್ಯಾಂಟೀನಮ್ಮ.

"ಮನೆಗೆ. ನೀನೇ ಅಂದೆಯಲ್ಲ..."

"ನಾನು ಏನೂ ಅಂದಿಲ್ಲ. ಮನೇಲಿ ಇವತ್ತು ಒಲೆ ಹಚ್ಚಿಲ್ಲ."

ಬಸ್ಸು ಹೋಯಿತು. ಬಡಗಿ ಚೀಲವನ್ನು ಹೆಗಲಿಗೇರಿಸಿ ಎಡದ ಬಸ್ಸು ಬರುವ ಕಡೆ ತಿರುಗಿ ನಿಂತ. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಅಷ್ಟು ತಿಳಿವಳಿಕೆ ಇತ್ತು.

ಆ ಮನೆಯ ಮೆಟ್ಟಿಲು ಕಡಿದಾಗಿತ್ತು. ಎರಡನೇ ಮಹಡಿಗೆ ಬಂದವಳೇ ಅವಳು ಸೆರಗು ಸರಿಮಾಡಿಕೊಂಡು ಗಂಡನ ಹಿಂದೆ ಸರಿದಳು. ಬಾಗಿಲು ತೆರೆದ ಸೊಸೆ ಮೊದಲು ಮಾವನನ್ನು ನೋಡಿ ನಕ್ಕಳು, ಆಮೇಲೆ ಅವನ ಹಿಂದೆ ನಿಂತವಳನ್ನು ನೋಡಿ ನಗುವನ್ನು ಎಲ್ಲಿಡಬೇಕು ತಿಳಿಯದವಳಂತೆ ನಿಂತಳು. ಮಗು ಮಾತ್ರ, "ಅಜ್ಜಿನೂ ಬಂತು," ಅಂತ ಸಲೀಸಾಗಿ ಹೇಳಿ ತಾತನ ಕೈ ಹಿಡಿದು ಒಳಗೆಳೆಯಿತು.

ಒಂದೇ ಕೋಣೆಯ ಮನೆ. ಒಂದು ಮೂಲೆಯಲ್ಲಿ ಒಲೆ, ಕಿಟಕಿಯ ಕೆಳಗೆ ಸಣ್ಣ ಮೇಜು. ಮೇಜಿನ ಮೇಲೆ ಮೂರು ತಟ್ಟೆ ಆಗಲೇ ಇಟ್ಟಿದ್ದವು. ಗಡಿಯಾರ ಏಳಕ್ಕೆ ಐದು ನಿಮಿಷ ಕಡಿಮೆ ತೋರಿಸುತ್ತಿತ್ತು. ಸೊಸೆ ಸರಸರನೆ ನಾಲ್ಕನೇ ತಟ್ಟೆ ಒರೆಸಿ ಇಟ್ಟು, ಸೌಟನ್ನು ಅತ್ತೆಯ ಕಡೆ ಚಾಚಿದಳು.

"ಅತ್ತೆ, ನೀವೇ ಬಡಿಸಿ."

ಹತ್ತೊಂಬತ್ತು ವರ್ಷದಿಂದ ದಿನಾ ಸೌಟು ಹಿಡಿದ ಕೈ ತನ್ನಷ್ಟಕ್ಕೆ ಮುಂದೆ ಹೋಯಿತು. ಕ್ಯಾಂಟೀನಮ್ಮ ಅದನ್ನು ಹಿಂದಕ್ಕೆ ಎಳೆದುಕೊಂಡು, ಮೇಜಿನ ಮುಂದೆ ಕೂತು, ಮಡಿಲಲ್ಲಿಟ್ಟುಕೊಂಡಳು.

"ನಿನ್ನ ಮನೆ. ನೀನು ಬಡಿಸು."

ಬೇಯಿಸಿದ ಆಲೂಗಡ್ಡೆ, ಹೆಸರಿಗೆ ಉಪ್ಪು, ಎರಡು ರೊಟ್ಟಿ. ಬಡಗಿ ಉಂಡು ಅಭ್ಯಾಸದಂತೆ ಮೂರನೇ ರೊಟ್ಟಿಗೆ ಕೈಚಾಚಿದ. ಎರಡು ಕಡೆಯಿಂದ ಎರಡು ಜೊತೆ ಕಣ್ಣು ಅವನ ಮೇಲೆ ಬಿದ್ದವು. ಕೈ ವಾಪಸ್ಸು ಬಂತು. ಕ್ಯಾಂಟೀನಮ್ಮ ಒಂದೊಂದೇ ತುತ್ತನ್ನು ನಿಧಾನವಾಗಿ ಅಗಿದಳು. ಸೊಸೆ ತಾನು ಉಣ್ಣದೆ, ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ ಕೇಳಿದಳು.

"ತುಂಬಾ ಸಪ್ಪೆ ಅಲ್ವಾ ಅತ್ತೆ?"

"ಸಪ್ಪೆ. ಬಾಯಿಗಿಡೋಕಾಗಲ್ಲ," ಅಂದಳು ಕ್ಯಾಂಟೀನಮ್ಮ. ಸೊಸೆ ತಲೆ ತಗ್ಗಿಸಿದಳು. "ಮುಖ್ಯ ಹೊತ್ತು, ಖಾರ ಅಲ್ಲ ಅಂತ ಡಾಕ್ಟ್ರು ಅವತ್ತೇ ಹೇಳಿದ್ರು, ನಾನೇ ಕೇಳಿಸ್ಕೊಳ್ಳಲಿಲ್ಲ. ನಾಳೆ ಒಂದು ಹಸಿಮೆಣಸಿನಕಾಯಿ ಸೀಳಿ ಹಾಕು, ಒಂದು ಈರುಳ್ಳಿ ಹುರಿ."

"ನಾಳೇನಾ?" ಅಂದಳು ಸೊಸೆ, ತಲೆ ಎತ್ತಿ.

"ನಾಳೇನೇ. ಪುಟ್ಟಿಗೂ ಒಂದು ಡಬ್ಬಿ ಹಾಕ್ಕೊಂಡು ಹೋಗ್ತೀನಿ, ಅವಳು ಬರೋದು ತಡ." ಕ್ಯಾಂಟೀನಮ್ಮ ತಟ್ಟೆಯಲ್ಲಿ ಉಳಿದ ಆಲೂಗಡ್ಡೆಯ ಚೂರನ್ನು ಬೆರಳಲ್ಲಿ ಒಟ್ಟು ಮಾಡಿದಳು. ಕೇಳಬೇಕಾದದ್ದು ಇನ್ನೊಂದಿತ್ತು. ಎರಡು ವರ್ಷ ತಡವಾಗಿತ್ತು, ಆದರೂ ಕೇಳಿದಳು.

"ಊಟ ಏಳಕ್ಕೇ ತಾನೆ?"